ಎರಡು ಖಜಾನೆಗಳ ವಜೀರ

ಮನೆಯ ಮಗನಿಗೋ ಮಗಳಿಗೋ ಸರಕಾರಿ ನೌಕರಿಯ ಆದೇಶ ಬಂದಿತೆಂದರೆ ಅದು ಸಂತೋಷದ ದಿನ. ಜಮಖಂಡಿಯ ಓಣಿಯಿರಲಿ, ಮುಧೋಳದ ಪೇಟೆಯಿರಲಿ, ಬೀಳಗಿಯ ಹಳ್ಳಿಯಿರಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಯಿರಲಿ, ಸುದ್ದಿ ತಿಳಿದು ಬಂಧುಗಳು ಬರುತ್ತಾರೆ, ನೆರೆಯವರು ಬರುತ್ತಾರೆ. ಚಹಾ ಕುಡಿಯುತ್ತ ಅವರು ಕೇಳುವ ಮೊದಲನೆಯ ಪ್ರಶ್ನೆ, ಪಗಾರ ಎಷ್ಟು ಎಂಬುದು. ಸ್ವಲ್ಪ ಹೊತ್ತಾದ ಮೇಲೆ ಯಾರಾದರೊಬ್ಬರು ನಗುತ್ತ ಎರಡನೆಯ ಪ್ರಶ್ನೆಯನ್ನೂ ಕೇಳಿಬಿಡುತ್ತಾರೆ. ಮೇಲಿನ ಗಳಿಕೆ ಎಷ್ಟಾದೀತು ಎಂಬುದೇ ಆ ಪ್ರಶ್ನೆ.

ವಿಚಿತ್ರವೆಂದರೆ ಇಂದು ಮೊದಲನೆಯ ಪ್ರಶ್ನೆಯನ್ನು ಕೇಳಲು ಸಂಕೋಚಪಡುವವರು ಎರಡನೆಯದನ್ನು ಸಹಜವೆಂಬಂತೆ ಕೇಳುತ್ತಾರೆ. ಕೆಲಸಕ್ಕೆ ಕರೆದವರೆದುರು ತನ್ನ ವೇತನವೆಷ್ಟೆಂದು ವಿಚಾರಿಸಿದವನನ್ನು ದುರಾಸೆಯವನೆನ್ನುತ್ತಾರೆ. ಏನನ್ನೂ ಕೇಳದೆ ಸಹಿ ಹಾಕಿ, ಆಮೇಲೆ ಮೇಜಿನ ಕೆಳಗಿನಿಂದ ಪಡೆಯುವವನನ್ನು ಚಾಣಾಕ್ಷನೆನ್ನುತ್ತಾರೆ. ಇಸ್ಲಾಮ್ ಕಲಿಸುವ ಕ್ರಮ ಇದಕ್ಕೆ ತದ್ವಿರುದ್ಧವಾದುದು. ಸಾರ್ವಜನಿಕ ಕೆಲಸಕ್ಕೆ ಕೈ ಹಾಕುವ ಮೊದಲೇ ತನಗೆ ಸಲ್ಲಬೇಕಾದುದನ್ನು ಬಹಿರಂಗವಾಗಿ ಮಾತನಾಡಿ ನಿಶ್ಚಯಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ನಿಶ್ಚಯವಾದ ಮೇಲೆ ಅದಕ್ಕಿಂತ ಒಂದು ಪೈಸೆ ಹೆಚ್ಚು ಮುಟ್ಟುವುದು ಮಾತ್ರ ಸಲ್ಲದು.

ಇದನ್ನು ಬರಿಯ ಉಪದೇಶವಾಗಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ. ಆದುದರಿಂದ ನಮ್ಮ ನಾಡಿನಲ್ಲೇ ಅಧಿಕಾರ ನಡೆಸಿ, ಇಲ್ಲಿಯೇ ಮಣ್ಣಾದ ಒಬ್ಬ ಮಹಾನುಭಾವರ ಬಾಳನ್ನು ಒಮ್ಮೆ ನೋಡೋಣ. ಅವರೇ ಬಹಮನಿ ರಾಜ್ಯದ ವಜೀರ ಖ್ವಾಜಾ ಮಹಮೂದ್ ಗವಾನ್. ನಿಮ್ಮ ಊರುಗಳು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವ ಮೊದಲು ಬಿಜಾಪುರ ಜಿಲ್ಲೆಗೆ ಸೇರಿದ್ದವಲ್ಲವೇ? ಆ ಬಿಜಾಪುರ ಪ್ರಾಂತಕ್ಕೆ ಐದು ಶತಮಾನಗಳಿಗೂ ಹಿಂದೆ ಅವರು ಅಧಿಪತಿಯಾಗಿದ್ದರು.

ವ್ಯಾಪಾರಿಯಾಗಿ ಬಂದವರು

ಮಹಮೂದರು 1411ರಲ್ಲಿ ಇರಾನಿನ ಗೀಲಾನ್ ಪ್ರದೇಶದ ಗಾವಾನ್ ಎಂಬ ಊರಿನಲ್ಲಿ ಜನಿಸಿದರು. ಊರಿನ ಹೆಸರೇ ಅವರ ಹೆಸರಿನೊಂದಿಗೆ ಉಳಿದುಬಂತು. ಅವರ ಮನೆತನದವರು ಅಲ್ಲಿಯ ಅರಸರ ಬಳಿ ಉನ್ನತ ಹುದ್ದೆಗಳಲ್ಲಿದ್ದವರು. ಆದರೆ ದರಬಾರಿನ ಒಳಜಗಳಗಳಿಂದ ಬೇಸತ್ತು ಮಹಮೂದರು ತಾಯ್ನಾಡನ್ನು ತೊರೆದರು. ಅಧಿಕಾರದ ಹಾದಿ ಬಿಟ್ಟು ವ್ಯಾಪಾರದ ಹಾದಿ ಹಿಡಿದರು. ಹೋದಲ್ಲೆಲ್ಲ ಸರಕು ಮಾರುವುದರ ಜೊತೆಗೆ ಅಲ್ಲಿಯ ವಿದ್ವಾಂಸರ ಪಾದದ ಬಳಿ ಕುಳಿತು ಕಲಿತರು.

1453ರಲ್ಲಿ ಅವರು ಹಡಗು ಹತ್ತಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ಬೀದರಿನಲ್ಲಿದ್ದ ಸಂತ ಶಾಹ್ ಮುಹಿಬ್ಬುಲ್ಲಾಹ್ ಅವರನ್ನು ಕಾಣಬೇಕು, ಅಲ್ಲಿಂದ ದಿಲ್ಲಿಗೆ ಹೋಗಬೇಕು ಎಂಬುದು ಅವರ ಉದ್ದೇಶವಾಗಿತ್ತು. ಆದರೆ ಬೀದರಿನ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದರು ಈ ವ್ಯಾಪಾರಿಯ ವಿದ್ಯೆಯನ್ನೂ ವಿವೇಕವನ್ನೂ ಕಂಡು ಮೆಚ್ಚಿದರು. ದಿಲ್ಲಿಗೆ ಹೋಗಗೊಡಲಿಲ್ಲ. ಸಾವಿರ ಕುದುರೆ ಸವಾರರ ಸರದಾರಿಕೆಯನ್ನು ಕೊಟ್ಟು ರಾಜ್ಯದ ಸೇವೆಗೆ ತೆಗೆದುಕೊಂಡರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಒಬ್ಬ ಅನುಭವಿ ವರ್ತಕ. ಕೈಯಲ್ಲಿ ಬಂಡವಾಳವಿದೆ, ಸ್ವಂತ ದುಡಿಮೆಯಿದೆ. ಅಂಥವನಿಗೆ ಸರಕಾರದ ಹುದ್ದೆ ಬಂದಿದೆ. ಆ ಕಾಲದಲ್ಲಿ ಸರದಾರನಿಗೆ ತಿಂಗಳ ಪಗಾರವೆಂಬುದಿರಲಿಲ್ಲ. ಅವನ ಅಂತಸ್ತಿಗೆ ತಕ್ಕಂತೆ ಖಜಾನೆಯಿಂದ ನಗದು ಇಲ್ಲವೆ ಒಂದಿಷ್ಟು ಹಳ್ಳಿಗಳ ಕಂದಾಯ ಜಹಗೀರಾಗಿ ಸಿಗುತ್ತಿತ್ತು. ಅದರಲ್ಲಿಯೇ ಅವನು ಸೈನಿಕರನ್ನು ಸಾಕಬೇಕು, ಕುದುರೆಗಳನ್ನು ನೋಡಿಕೊಳ್ಳಬೇಕು. ಉಳಿದುದು ಅವನದು. ಸೈನಿಕರ ಖರ್ಚೆಲ್ಲಿ ಮುಗಿಯಿತು, ಸ್ವಂತದ್ದೆಲ್ಲಿ ಪ್ರಾರಂಭವಾಯಿತು ಎಂದು ಕೇಳುವವರಿಲ್ಲ. ಸಾವಿರ ಸವಾರರ ಲೆಕ್ಕ ತೋರಿಸಿ ಆರುನೂರು ಜನರನ್ನಿಟ್ಟುಕೊಂಡರೂ ನಡೆಯುತ್ತಿತ್ತು. ಇಂದು ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿರುವ ಕೂಲಿಯಾಳುಗಳ ಹೆಸರಿನಲ್ಲಿ ಬಿಲ್ಲು ಎತ್ತುವವರಿದ್ದಾರಲ್ಲ, ಅವರು ನಡೆಯುತ್ತಿರುವ ಹಾದಿ ಹಳೆಯದೇ.

ಈ ವ್ಯವಸ್ಥೆಯೊಳಗೆ ಕಾಲಿಟ್ಟ ಮಹಮೂದ್ ಗವಾನರು ತಮಗೆ ತಾವೇ ಒಂದು ನಿಯಮ ಹಾಕಿಕೊಂಡರು. ಅದೇನೆಂಬುದು ಅವರು ಬದುಕಿದ್ದಾಗ ದರಬಾರಿಗೂ ತಿಳಿದಿರಲಿಲ್ಲ. ಅವರ ಮರಣಾನಂತರವೇ ಅದು ಬೆಳಕಿಗೆ ಬಂತು. ಅದನ್ನು ಮುಂದೆ ಹೇಳುತ್ತೇವೆ.

ಅಧಿಕಾರದ ಮೆಟ್ಟಿಲುಗಳು

ಮೊದಲು ಅವರನ್ನು ನಲಗೊಂಡದ ದಂಗೆಯನ್ನು ಅಡಗಿಸಲು ಕಳುಹಿಸಲಾಯಿತು. ಅಲ್ಲಿ ಅವರು ಯಶಸ್ವಿಯಾದರು. 1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನ್ ಶಾಹನು ಕ್ರೌರ್ಯಕ್ಕೆ ಹೆಸರಾದವನು. ಆದರೂ ಯೋಗ್ಯನನ್ನು ಗುರುತಿಸುವ ಕಣ್ಣು ಅವನಿಗಿತ್ತು. ಅವನು ಗವಾನರಿಗೆ ವರ್ತಕರ ಒಡೆಯ ಎಂಬರ್ಥದ ಮಲಿಕುತ್ತುಜ್ಜಾರ್ ಬಿರುದನ್ನೂ ಬಿಜಾಪುರ ಪ್ರಾಂತದ ಅಧಿಕಾರವನ್ನೂ ಕೊಟ್ಟನು. 1461ರಲ್ಲಿ ಹುಮಾಯೂನನು ತೀರಿಕೊಂಡಾಗ ಪಟ್ಟಕ್ಕೆ ಬಂದವನು ಎಂಟು ವರ್ಷದ ಬಾಲಕ. ಆಗ ರಾಜಮಾತೆಯೊಂದಿಗೆ ರಾಜ್ಯದ ಭಾರ ಹೊತ್ತವರಲ್ಲಿ ಗವಾನರೂ ಒಬ್ಬರು. ಮಾಳವದ ಸುಲ್ತಾನನು ಬೀದರಿನವರೆಗೆ ನುಗ್ಗಿದಾಗ ಗುಜರಾತಿನ ನೆರವು ತಂದು ರಾಜ್ಯವನ್ನು ಉಳಿಸಿದವರೂ ಅವರೇ. ಮೂರನೇ ಮುಹಮ್ಮದ್ ಶಾಹನ ಕಾಲದಲ್ಲಿ, 1466ರಲ್ಲಿ, ಅವರು ರಾಜ್ಯದ ಪ್ರಧಾನ ವಜೀರರಾದರು.

1469ರಿಂದ ಸುಮಾರು ಮೂರು ವರ್ಷ ಅವರು ಕೊಂಕಣದ ಕಾಡು ಬೆಟ್ಟಗಳಲ್ಲಿ ದಂಡಿನೊಂದಿಗೆ ಕಳೆದರು. ಆ ದಂಡಯಾತ್ರೆಯೊಂದಿಗೆ ಮುಧೋಳದ ಹೆಸರೂ ಕೂಡಿಕೊಂಡಿದೆ. ಇಂದು ವಿಶಾಲಗಡವೆಂದು ಕರೆಯಲಾಗುವ ಖೇಳಣಾ ಕೋಟೆಯ ಕಡಿದಾದ ಗೋಡೆಯನ್ನು ಉಡಗಳಿಗೆ ಹಗ್ಗ ಕಟ್ಟಿ ಹತ್ತಿಸಿ, ಆ ಹಗ್ಗ ಹಿಡಿದು ಮೇಲೇರಿದ ವೀರರಿಗೆ ಘೋರ್ಪಡೆ ಎಂಬ ಬಿರುದೂ, ಮುಧೋಳ ಸೇರಿ 84 ಹಳ್ಳಿಗಳ ಜಹಗೀರೂ 1471ರಲ್ಲಿ ದೊರೆತುವೆಂದು ಮುಧೋಳ ಸಂಸ್ಥಾನದ ಮನೆತನದ ಇತಿಹಾಸ ಹೇಳುತ್ತದೆ. ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. 1948ರವರೆಗೆ ಮುಧೋಳವನ್ನಾಳಿದ ಘೋರ್ಪಡೆಯವರ ಹೆಸರಿನ ಹಿಂದೆ ಹೀಗೆ ರಾಜ್ಯಸೇವೆಗೆ ಸಂದ ಸಂಭಾವನೆಯ ಕಥೆಯಿದೆ. ಮಾಡಿದ ಸೇವೆಗೆ ಯೋಗ್ಯ ಪ್ರತಿಫಲವನ್ನು ಎಲ್ಲರೆದುರು ಕೊಡುವುದೂ ಪಡೆಯುವುದೂ ಗೌರವದ ಸಂಗತಿಯೇ ಆಗಿತ್ತೆಂಬುದನ್ನು ಇಲ್ಲಿ ಗಮನಿಸಿರಿ.

1472ರಲ್ಲಿ ಗೋವೆಯನ್ನು ಗೆದ್ದು ಗವಾನರು ಬೀದರಿಗೆ ಮರಳಿದಾಗ ಅವರ ಕೀರ್ತಿ ಶಿಖರಕ್ಕೇರಿತ್ತು. ಸುಲ್ತಾನನು ಅವರ ಮನೆಗೇ ಬಂದು ಒಂದು ವಾರ ಅತಿಥಿಯಾಗಿದ್ದನು. ರಾಜಮಾತೆಯು ಅವರನ್ನು ಸಹೋದರನೆಂದು ಕರೆದಳು. ಇಷ್ಟು ಗೌರವ ದೊರೆತವನು ಹಿಗ್ಗುವುದು ಸಹಜ. ಆದರೆ ಸುಲ್ತಾನನು ಹೊರಟುಹೋದ ಮೇಲೆ ಗವಾನರು ಉಡುಗೊರೆಯ ಬಟ್ಟೆಗಳನ್ನು ಕಳಚಿಟ್ಟು, ಕೋಣೆಯೊಳಗೆ ಹೋಗಿ ಅತ್ತರೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಹೊರಬಂದವರೇ ವಿದ್ವಾಂಸರನ್ನೂ ಬಡವರನ್ನೂ ಕರೆಸಿ ಮನೆಯಲ್ಲಿದ್ದ ಹಣ, ಒಡವೆ, ವಸ್ತುಗಳನ್ನೆಲ್ಲ ಹಂಚಿಬಿಟ್ಟರು. ಉಳಿಸಿಕೊಂಡದ್ದು ಆನೆ ಕುದುರೆಗಳು ಮತ್ತು ಪುಸ್ತಕಗಳನ್ನು ಮಾತ್ರ. ಅವುಗಳನ್ನೇಕೆ ಉಳಿಸಿಕೊಂಡಿರೆಂದು ಒಬ್ಬರು ಕೇಳಿದಾಗ, ಪುಸ್ತಕಗಳು ವಿದ್ಯಾರ್ಥಿಗಳವು, ಆನೆ ಕುದುರೆಗಳು ಸುಲ್ತಾನರವು, ಅವು ನನ್ನ ಕೈಯಲ್ಲಿ ಕೆಲವು ದಿನ ಮಾತ್ರ ಇವೆ ಎಂಬ ಅರ್ಥದ ಉತ್ತರ ಕೊಟ್ಟರು. ತನ್ನ ವಶದಲ್ಲಿರುವುದೆಲ್ಲ ತನ್ನದಲ್ಲ ಎಂಬ ಎಚ್ಚರವೇ ಅಮಾನತ್ತಿನ ಮೂಲ.

ಅದೇ ವರ್ಷ ಬೀದರಿನಲ್ಲಿ ಅವರ ಮದ್ರಸದ ಕಟ್ಟಡ ಪೂರ್ತಿಯಾಯಿತು. ಮೂರು ಅಂತಸ್ತಿನ ಆ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಊಟ ವಸತಿ ಉಚಿತವಾಗಿತ್ತು. ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯವಿತ್ತು. 1696ರಲ್ಲಿ ಮದ್ದಿನ ಸ್ಫೋಟದಿಂದ ಅದರ ಒಂದು ಪಾರ್ಶ್ವ ಕುಸಿದುಬಿತ್ತು. ಉಳಿದ ಭಾಗವನ್ನೂ, ಬಣ್ಣದ ಹೆಂಚುಗಳು ಅಲ್ಲಲ್ಲಿ ಹೊಳೆಯುವ ಒಂಟಿ ಮಿನಾರನ್ನೂ ಬೀದರಿಗೆ ಹೋದವರು ಇಂದಿಗೂ ಕಾಣಬಹುದು.

ಇತರರ ವೇತನಕ್ಕಾಗಿ ನಿಂತವರು

ತಾನು ಸರಳವಾಗಿ ಬದುಕುವ ಅಧಿಕಾರಿಯಲ್ಲಿ ಒಂದು ದೋಷ ಕಾಣಿಸುವುದುಂಟು. ತನಗೆ ಬೇಡವಾದುದು ಇತರರಿಗೂ ಬೇಡವೆಂದು ಅವನು ಭಾವಿಸುತ್ತಾನೆ. ಕೆಳಗಿನವರು ವೇತನ ಹೆಚ್ಚಿಸಿರೆಂದು ಕೇಳಿದರೆ ತ್ಯಾಗದ ಪಾಠ ಹೇಳುತ್ತಾನೆ. ಗವಾನರಲ್ಲಿ ಈ ದೋಷವಿರಲಿಲ್ಲ.

ಬಹಮನಿ ರಾಜ್ಯದ ಆರಂಭ ಕಾಲದಲ್ಲಿ ಐದುನೂರು ಸವಾರರ ಸರದಾರನಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು, ಸಾವಿರ ಸವಾರರವನಿಗೆ ಎರಡು ಲಕ್ಷ ಹೊನ್ನು ಗೊತ್ತಾಗಿತ್ತು. ಕಾಲ ಬದಲಾಗಿತ್ತು, ಖರ್ಚು ಬೆಳೆದಿತ್ತು. ಗವಾನರು ಇದನ್ನು ಕ್ರಮವಾಗಿ ಒಂದೂಕಾಲು ಲಕ್ಷ ಮತ್ತು ಎರಡೂವರೆ ಲಕ್ಷಕ್ಕೆ ಏರಿಸಿದರು. ನಗದಿನ ಬದಲು ಜಹಗೀರು ಪಡೆದವನಿಗೆ ಅದರ ಉತ್ಪನ್ನ ಗೊತ್ತಾದ ಮೊತ್ತಕ್ಕಿಂತ ಕಡಿಮೆ ಬಂದರೆ, ಕೊರತೆಯನ್ನು ಖಜಾನೆಯಿಂದ ತುಂಬಿಕೊಡಬೇಕೆಂದು ಕಟ್ಟುಮಾಡಿದರು. ಗೊತ್ತುಮಾಡಿದ ವೇತನ ಪೂರ್ತಿಯಾಗಿ ಕೈಸೇರಬೇಕೆಂಬುದು ಅದರ ತತ್ವ.

ಆದರೆ ತಕ್ಕಡಿಗೆ ಎರಡನೆಯ ತಟ್ಟೆಯೂ ಇತ್ತು. ಗೊತ್ತಾದ ಸಂಖ್ಯೆಗಿಂತ ಸೈನಿಕರು ಕಡಿಮೆಯಿದ್ದರೆ ಅಷ್ಟರ ಮಟ್ಟಿನ ಹಣವನ್ನು ಮುರಿದುಕೊಳ್ಳಲಾಗುತ್ತಿತ್ತು. ಭೂಮಿಯನ್ನು ಅಳತೆ ಮಾಡಿಸಿ ಕಂದಾಯ ನಿಗದಿಪಡಿಸಿದರು. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿದರು. ಪ್ರಾಂತದ ಅಧಿಪತಿಯ ಕೈಯಲ್ಲಿ ಒಂದೇ ಕೋಟೆಯನ್ನು ಬಿಟ್ಟು ಉಳಿದವುಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದರು. ಎಂಟರಲ್ಲಿ ಬಿಜಾಪುರವೂ ಒಂದಾಗಿ, ಅದು ಅವರ ಕೈಯಲ್ಲೇ ಉಳಿಯಿತು.

ಈ ಕಾಲದಲ್ಲಿಯೇ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದಿದ್ದನು. ಸರದಾರರ ವೈಭವಕ್ಕೆ ಮಿತಿಯಿಲ್ಲ, ಹಳ್ಳಿಯ ಜನರ ಬಡತನಕ್ಕೂ ಮಿತಿಯಿಲ್ಲ ಎಂಬರ್ಥದಲ್ಲಿ ಅವನು ಬರೆದಿಟ್ಟಿದ್ದಾನೆ. ಅದಾದ ಸ್ವಲ್ಪ ಕಾಲದಲ್ಲೇ, 1473ರ ಸುಮಾರಿಗೆ, ಮಳೆ ಕೈಕೊಟ್ಟು ಎರಡು ವರ್ಷ ದಖ್ಖಣವೆಲ್ಲ ಕ್ಷಾಮದಿಂದ ತತ್ತರಿಸಿತು. ಬರವೆಂದರೇನೆಂದು ಬಿಜಾಪುರದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಂಥ ನಾಡಿನಲ್ಲಿ ಇಲ್ಲದ ಸೈನಿಕನ ಹೆಸರಿನಲ್ಲಿ ಎತ್ತಿದ ಪ್ರತಿಯೊಂದು ಹೊನ್ನೂ ಯಾವನೋ ರೈತನ ಕಣದಿಂದ ಬಂದದ್ದು. ಇದನ್ನು ತಿಳಿದಿದ್ದುದರಿಂದಲೇ ಗವಾನರು ವೇತನದಲ್ಲಿ ಉದಾರಿಯೂ ಲೆಕ್ಕದಲ್ಲಿ ಕಠೋರರೂ ಆಗಿದ್ದರು.

ವೇತನ ಹೆಚ್ಚಿದ್ದಕ್ಕೆ ಸರದಾರರು ಸಂತೋಷಪಟ್ಟಿರಬೇಕು. ಲೆಕ್ಕ ಕೇಳಿದ್ದನ್ನು ಮಾತ್ರ ಅವರು ಕ್ಷಮಿಸಲಿಲ್ಲ.

ಖೊಟ್ಟಿ ಪತ್ರ, ನಿಜವಾದ ಮುದ್ರೆ

1481ರಲ್ಲಿ ಸುಲ್ತಾನನ ದಂಡು ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿತ್ತು. ವೈರಿಗಳು ಗವಾನರ ಮುದ್ರೆಯನ್ನು ಕಾಯುತ್ತಿದ್ದವನ ಸ್ನೇಹ ಸಂಪಾದಿಸಿ, ಅವನ ಕೈಯಿಂದ ಖಾಲಿ ಕಾಗದವೊಂದಕ್ಕೆ ಮುದ್ರೆ ಒತ್ತಿಸಿಕೊಂಡರು. ಆ ಕಾಗದದ ಮೇಲೆ, ಗವಾನರೇ ಒರಿಸ್ಸಾದ ಅರಸನಿಗೆ ದಂಡೆತ್ತಿ ಬರಲು ಆಹ್ವಾನವಿತ್ತಂತೆ ಪತ್ರ ಬರೆದರು. ಸುಲ್ತಾನನು ಕುಡಿದು ಮತ್ತನಾಗಿದ್ದ ಹೊತ್ತಿನಲ್ಲಿ ಅದನ್ನು ಅವನ ಮುಂದಿಟ್ಟರು.

ಸುಲ್ತಾನನಿಂದ ಕರೆ ಬಂದಾಗ ಹಿತೈಷಿಗಳು ಗವಾನರನ್ನು ತಡೆದರು. ಗುಜರಾತಿಗೆ ಹೊರಟುಹೋಗಿರಿ, ನಾವು ಜೊತೆಗೆ ಬರುತ್ತೇವೆಂದರು. ಅವರು ಒಪ್ಪಲಿಲ್ಲ. ಸುಲ್ತಾನನೆದುರು ನಿಂತು, ಮುದ್ರೆ ತಮ್ಮದೇ ಎಂದು ಒಪ್ಪಿಕೊಂಡರು, ಬರವಣಿಗೆ ತಮ್ಮದಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಸುಲ್ತಾನನು ವಿಚಾರಣೆ ಮಾಡಲಿಲ್ಲ. ಅಲ್ಲಿಯೇ ಅವರ ತಲೆ ಕಡಿಯಲು ಆಜ್ಞಾಪಿಸಿ ಎದ್ದುಹೋದನು. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನ ಆ ವೃದ್ಧ ವಜೀರರು ಪ್ರಾಣ ಬಿಟ್ಟರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಬಹುಕಾಲ ಅಧಿಕಾರ ನಡೆಸಿದವನ ಮನೆಯಲ್ಲಿ ಎಷ್ಟು ಸಂಪತ್ತಿರಬಹುದೆಂದು ಸುಲ್ತಾನನಿಗೆ ಕುತೂಹಲ. ಗವಾನರ ಖಜಾಂಚಿ ನಿಜಾಮುದ್ದೀನ್ ಹಸನ್ ಗೀಲಾನಿಯನ್ನು ಕರೆಸಿದನು. ಆಗ ಹೊರಬಂತು, ಇಷ್ಟು ವರ್ಷ ಯಾರಿಗೂ ತಿಳಿಯದಿದ್ದ ಆ ನಿಯಮ.

ಖಜಾಂಚಿ ಹೇಳಿದ ವಿವರ ಹೀಗಿತ್ತು. ವಜೀರರಿಗೆ ಎರಡು ಖಜಾನೆಗಳಿದ್ದವು. ಒಂದು ಸುಲ್ತಾನರ ಖಜಾನೆ, ಇನ್ನೊಂದು ಬಡವರ ಖಜಾನೆ. ಜಹಗೀರಿನಿಂದ ಬಂದ ಹಣವೆಲ್ಲ ಮೊದಲನೆಯದಕ್ಕೆ ಹೋಗುತ್ತಿತ್ತು. ಸೈನಿಕರ ಸಂಬಳ, ಆನೆ ಕುದುರೆಗಳ ಖರ್ಚು ಕಳೆದು ಉಳಿದುದನ್ನು ಸುಲ್ತಾನರ ಹೆಸರಿನಲ್ಲಿ ಬಡವರಿಗೆ ಕೊಟ್ಟುಬಿಡುತ್ತಿದ್ದರು. ತಮಗಾಗಿ ಅದರಿಂದ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಇರಾನಿನಿಂದ ಬರುವಾಗ ಲಾರೀ ಎಂಬ ಬೆಳ್ಳಿ ನಾಣ್ಯ ನಲವತ್ತು ಸಾವಿರವನ್ನು ಬಂಡವಾಳವಾಗಿ ತಂದಿದ್ದರು. ಆ ಬಂಡವಾಳದಿಂದ ವರ್ಷ ವರ್ಷವೂ ವ್ಯಾಪಾರ ನಡೆಸುತ್ತಿದ್ದರು. ಅದರ ಲಾಭದಲ್ಲಿಯೇ ತಮ್ಮ ಅಡಿಗೆಯ ಮತ್ತು ಬಟ್ಟೆಯ ಖರ್ಚು ನಡೆಯುತ್ತಿತ್ತು. ಉಳಿದ ಲಾಭವನ್ನು ತಾಯಿಗೂ ಬಂಧುಗಳಿಗೂ ಅರ್ಹರಾದ ಬಡವರಿಗೂ ಕಳುಹಿಸುತ್ತಿದ್ದರು. ಊಟ ಮಣ್ಣಿನ ಪಾತ್ರೆಯಲ್ಲಿ, ಮಲಗುವುದು ಚಾಪೆಯ ಮೇಲೆ. ಪುಸ್ತಕಗಳೆಲ್ಲ ಮದ್ರಸಕ್ಕೆ ಸೇರಿದುವು. ಬಡವರ ಖಜಾನೆಯಲ್ಲಿ ಉಳಿದಿದ್ದುದು 300 ಲಾರೀಗಳು ಮಾತ್ರ.

ಮೃತದೇಹವನ್ನು ಬೀದರಿಗೆ ತಂದು ಸಮೀಪದ ಗೋರನಳ್ಳಿಯಲ್ಲಿ ದಫನ ಮಾಡಲಾಯಿತು. ಸುಲ್ತಾನನು ಪಶ್ಚಾತ್ತಾಪದಿಂದ ಬೆಂದು ಒಂದು ವರ್ಷದೊಳಗೆ, 1482ರ ಮಾರ್ಚಿನಲ್ಲಿ, ತೀರಿಕೊಂಡನು. ಮುಂದಿನ ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ತುಂಡಾಯಿತು. ಬಿಜಾಪುರದಲ್ಲಿ ಆದಿಲ್‌ಶಾಹಿ ಆರಂಭವಾಯಿತು. ಲೆಕ್ಕ ಕೇಳುವವನನ್ನು ಕೊಂದ ರಾಜ್ಯ ತಾನೂ ಬಹಳ ದಿನ ಬಾಳಲಿಲ್ಲ.

ಗವಾನರಂತೆ ಎಲ್ಲರೂ ಬದುಕಬೇಕೇ?

ಇಷ್ಟನ್ನು ಓದಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು. ಗವಾನರಿಗೆ ನಲವತ್ತು ಸಾವಿರದ ಬಂಡವಾಳವಿತ್ತು. ರಬಕವಿಯ ನೇಕಾರನ ಮಗನಿಗೆ ಏನಿದೆ? ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡ ಬೀಳಗಿಯ ರೈತನ ಮಗಳಿಗೆ ಏನಿದೆ? ಅವರಿಗೆ ಪಗಾರವೇ ಬದುಕು. ಅವರೂ ಪಗಾರ ಬಿಡಬೇಕೇ?

ಖಂಡಿತ ಬೇಡ. ಹಾಗೆ ಯಾರೂ ಹೇಳಿಲ್ಲ. ಇದಕ್ಕೆ ಉತ್ತರವಾಗಿ ಗವಾನರಿಗಿಂತಲೂ ಬಹಳ ಹಿಂದಿನ, ಅವರಿಗಿಂತಲೂ ಎಷ್ಟೋ ಶ್ರೇಷ್ಠವಾದ ಮಾದರಿಯೊಂದಿದೆ. ಹ. ಅಬೂಬಕರ್ ಸಿದ್ದೀಕ್(ರ) ಬಟ್ಟೆಯ ವ್ಯಾಪಾರಿಯಾಗಿದ್ದರು. ಬನಹಟ್ಟಿಯ ಪೇಟೆಯಲ್ಲಿ ಸೀರೆಯ ಗಂಟು ಹೊತ್ತು ನಡೆಯುವವರನ್ನು ನೀವು ಕಂಡಿರಬಹುದು. 632ರಲ್ಲಿ ಖಲೀಫರಾದ ಮೇಲೆಯೂ ಅವರು ಹಾಗೆಯೇ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಪೇಟೆಗೆ ಹೊರಟಿದ್ದರು. ಹ. ಉಮರ್(ರ) ಮತ್ತು ಹ. ಅಬೂ ಉಬೈದ(ರ) ದಾರಿಯಲ್ಲಿ ಕಂಡು ತಡೆದರು. ಮುಸ್ಲಿಮರ ಹೊಣೆ ಹೊತ್ತವರು ಪೇಟೆಯಲ್ಲಿ ಕುಳಿತರೆ ರಾಜ್ಯದ ಕೆಲಸ ನಡೆಯುವುದೆಂತು ಎಂಬುದು ಅವರ ಚಿಂತೆ. ಹೆಂಡತಿ ಮಕ್ಕಳನ್ನು ಸಾಕುವುದೆಂತು ಎಂಬುದು ಇವರ ಚಿಂತೆ. ಎರಡೂ ನ್ಯಾಯವಾದ ಚಿಂತೆಗಳೇ. ಕೊನೆಗೆ ಬೈತುಲ್ ಮಾಲ್‌ನಿಂದ ಅವರಿಗೆ ಜೀವನಾಂಶ ಗೊತ್ತುಮಾಡಲಾಯಿತು. ಒಂದು ವರದಿಯ ಪ್ರಕಾರ ಮೊದಲು ವರ್ಷಕ್ಕೆ ಎರಡು ಸಾವಿರ ದಿರ್ಹಮ್ ಎಂದಾಯಿತು. ತಮಗೆ ಸಂಸಾರವಿದೆ, ವ್ಯಾಪಾರವನ್ನೂ ನೀವೇ ಬಿಡಿಸಿದ್ದೀರಿ, ಇಷ್ಟು ಸಾಲದು ಎಂದು ಅವರು ತಿಳಿಸಿದರು. ಐದುನೂರು ಹೆಚ್ಚಿಸಲಾಯಿತು.

ಈ ಘಟನೆಯನ್ನು ಮತ್ತೊಮ್ಮೆ ಓದಿರಿ. ಪ್ರವಾದಿವರ್ಯರ(ಸ) ಗುಹೆಯ ಸಂಗಾತಿ, ಇಸ್ಲಾಮಿಗಾಗಿ ತನ್ನ ಸರ್ವಸ್ವವನ್ನೂ ತಂದಿಟ್ಟವರು, ತಮಗೆ ಗೊತ್ತಾದ ಮೊತ್ತ ಸಾಲದೆಂದು ಬಾಯಿಬಿಟ್ಟು ಹೇಳಿದರು. ಅದರಿಂದ ಅವರ ಘನತೆ ಕುಂದಲಿಲ್ಲ. ಏಕೆಂದರೆ ಅವರು ಕೇಳಿದ್ದು ಎಲ್ಲರೆದುರು, ಕೇಳಲು ಹಕ್ಕಿದ್ದವರಲ್ಲಿ, ಕಾರಣ ಸಹಿತ. ಮುಂದೆ 634ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಪಡೆದ ಜೀವನಾಂಶವನ್ನೂ ತಮ್ಮ ಜಮೀನು ಮಾರಿ ಮರಳಿಸಲು ವಸಿಯ್ಯತ್ ಮಾಡಿದರು. ಅದು ಅವರ ತಖ್ವಾ. ಎಲ್ಲರ ಮೇಲಿನ ಕಡ್ಡಾಯವಲ್ಲ.

ಪ್ರವಾದಿವರ್ಯರು(ಸ) ಮಕ್ಕಾದ ಅಧಿಕಾರಿಯಾಗಿ ನೇಮಿಸಿದ ಯುವಕ ಅತ್ತಾಬ್ ಬಿನ್ ಅಸೀದ್‌ರಿಗೆ(ರ) ದಿನಕ್ಕೊಂದು ದಿರ್ಹಮ್ ಗೊತ್ತುಮಾಡಿದ್ದರು. ಸಾರ್ವಜನಿಕ ಕೆಲಸದಲ್ಲಿರುವವನು ಮದುವೆಗೆ, ಮನೆಗೆ, ಸೇವಕನಿಗೆ ಬೇಕಾದಷ್ಟನ್ನು ಪಡೆಯಬಹುದು, ಅದಕ್ಕಿಂತ ಹೆಚ್ಚಿನದು ವಂಚನೆ ಎಂಬರ್ಥದ ಅವರ ಬೋಧನೆಯೂ ಇದೆ. ಝಕಾತ್ ಸಂಗ್ರಹಿಸಲು ಹೋದವನೊಬ್ಬನು ಬಂದು, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದು ಬೇರೆಯಾಗಿಟ್ಟಾಗ ಪ್ರವಾದಿವರ್ಯರು(ಸ) ಕೋಪಗೊಂಡರು. ತಂದೆ ತಾಯಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಆ ಉಡುಗೊರೆ ಅವನಿಗೆ ಬರುತ್ತಿತ್ತೇ ಎಂದು ಮಿಂಬರಿನ ಮೇಲಿಂದಲೇ ಪ್ರಶ್ನಿಸಿದರು. ದೀಪಾವಳಿಗೂ ಈದ್‌ಗೂ ಕಚೇರಿಯ ನೌಕರನ ಮನೆಗೆ ಬರುವ ಪೆಟ್ಟಿಗೆಗಳನ್ನು ಅಳೆಯಲು ಇದಕ್ಕಿಂತ ಉತ್ತಮ ಅಳತೆಗೋಲು ಬೇಕೇ?

ಹೀಗೆ ಮಾದರಿ ಎರಡು. ಸ್ವಂತ ದುಡಿಮೆಯಿದ್ದ ಗವಾನರು ಏನನ್ನೂ ತೆಗೆದುಕೊಳ್ಳಲಿಲ್ಲ. ದುಡಿಮೆ ಬಿಡಬೇಕಾಗಿ ಬಂದ ಅಬೂಬಕರ್(ರ) ಸಾಕಾಗುವಷ್ಟನ್ನು ಕೇಳಿ ಪಡೆದರು. ಇಬ್ಬರಲ್ಲೂ ಸಮಾನವಾದುದು ಒಂದೇ. ಯಾವುದು ತಮ್ಮದು, ಯಾವುದು ಜನರದು ಎಂಬ ಗೆರೆಯನ್ನು ಮೊದಲೇ ಎಳೆದುಕೊಂಡಿದ್ದರು.

ಆದೇಶ ಕೈಗೆ ಬಂದಾಗ

ಇನ್ನು ನಿಮ್ಮ ಮನೆಯ ಮಾತಿಗೆ ಬರೋಣ. ಇಂದಿನ ಸರಕಾರಿ ಇಲಾಖೆಗಳಲ್ಲಿ ವೇತನ ಶ್ರೇಣಿ ಮೊದಲೇ ನಿಗದಿಯಾಗಿರುತ್ತದೆ. ರಾಜ್ಯದಲ್ಲಿ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 27,000 ರೂಪಾಯಿಯಾಯಿತು. ಶ್ರೇಣಿಯನ್ನು ಚರ್ಚಿಸಿ ಬದಲಿಸಲಾಗದು. ಆದರೆ ಅದರೊಳಗೂ ಕೇಳಿ ತಿಳಿಯಬೇಕಾದ, ನ್ಯಾಯವಾಗಿ ಪಡೆಯಬೇಕಾದ ಸಂಗತಿಗಳಿವೆ. ಮೊದಲೇ ಬೇರೊಂದು ಸರಕಾರಿ ಹುದ್ದೆಯಲ್ಲಿದ್ದವರು ಮೇಲಧಿಕಾರಿಗಳ ಅನುಮತಿ ಪಡೆದೇ ಅರ್ಜಿ ಹಾಕಿದ್ದರೆ ಹಳೆಯ ವೇತನವನ್ನು ಉಳಿಸಿಕೊಡುವಂತೆ ಕೇಳಲು ನಿಯಮಗಳಲ್ಲಿ ಅವಕಾಶವಿರುತ್ತದೆ. ನಿಗಮ, ಮಂಡಳಿ, ಸರಕಾರಿ ಕಂಪನಿಗಳ ಕೆಲವು ಹುದ್ದೆಗಳಲ್ಲಿ ಅನುಭವಕ್ಕೆ ಹೆಚ್ಚುವರಿ ಬಡ್ತಿವೇತನ ಕೊಡುವುದುಂಟು. ಗುತ್ತಿಗೆಯ ಹುದ್ದೆಯಾದರೆ ಒಟ್ಟು ಮೊತ್ತವೆಷ್ಟು, ಭವಿಷ್ಯನಿಧಿ ಕಡಿತವೆಷ್ಟು, ಕೈಗೆ ಬರುವುದೆಷ್ಟು, ಅವಧಿ ಎಷ್ಟು ಎಂಬುದನ್ನು ಸ್ಪಷ್ಟವಾಗಿ ಕೇಳಬೇಕು.

ಇವನ್ನು ಕೇಳುವುದಕ್ಕೂ ಒಂದು ಶಿಷ್ಟಾಚಾರವಿದೆ. ಹಾಜರಾಗುವ ಮೊದಲೇ ಕೇಳಿರಿ, ಏಕೆಂದರೆ ಆಮೇಲೆ ಕೇಳುವುದು ಗೊಣಗಾಟವಾಗುತ್ತದೆ. ಬರೆಹದಲ್ಲಿ ಕೇಳಿರಿ, ಉತ್ತರವನ್ನೂ ಬರೆಹದಲ್ಲಿ ಪಡೆಯಿರಿ. ಅನುಭವವನ್ನು ಇದ್ದಷ್ಟೇ ಹೇಳಿರಿ. ಎರಡು ವರ್ಷವನ್ನು ನಾಲ್ಕೆಂದು ತೋರಿಸಿ ಪಡೆದ ಬಡ್ತಿವೇತನವು ನಿವೃತ್ತಿಯವರೆಗೂ ಪ್ರತಿ ತಿಂಗಳ ಪಗಾರದೊಳಗೆ ಹರಾಮಿನ ಪಾಲಾಗಿ ಬೆರೆತಿರುತ್ತದೆ. ಇನ್ನೊಬ್ಬರ ಪ್ರಭಾವದಿಂದ ಒತ್ತಡ ತರಬೇಡಿರಿ. ಕೊಡಲಾಗದೆಂಬ ಉತ್ತರ ಬಂದರೆ ಮನೆಯವರೊಂದಿಗೆ ಕುಳಿತು ಲೆಕ್ಕ ಹಾಕಿರಿ. ಆ ಪಗಾರದಲ್ಲಿ ಬಾಳಬಹುದಾದರೆ ಬಿಸ್ಮಿಲ್ಲಾಹ್ ಎಂದು ಒಪ್ಪಿಕೊಳ್ಳಿರಿ. ಆಗದಿದ್ದರೆ ಗೌರವದಿಂದ ಬೇಡವೆನ್ನಿರಿ. ಪಗಾರ ಸಾಲದು, ಆದರೂ ಮೇಲಿನದರಿಂದ ಸರಿದೂಗಿಸೋಣ ಎಂದು ಒಪ್ಪಿಕೊಳ್ಳುವುದು ಮಾತ್ರ ಬೇಡ. ಆ ಕ್ಷಣದಲ್ಲಿಯೇ ಮನುಷ್ಯನು ಯಾವನೋ ಬಡವನ ಪರಿಹಾರದ ಹಣಕ್ಕೆ, ಯಾವಳೋ ವಿಧವೆಯ ಪಿಂಚಣಿಗೆ ಕಣ್ಣು ಹಾಕಿದಂತಾಯಿತು.

ತಂದೆ ತಾಯಂದಿರೇ, ಇದರಲ್ಲಿ ನಿಮ್ಮ ಪಾಲು ದೊಡ್ಡದು. ಮಗನ ನೌಕರಿಗೆಂದು ಸಾಲ ಮಾಡಿ ಲಂಚ ಕೊಟ್ಟು, ಆ ಸಾಲ ತೀರಿಸಲು ಅವನನ್ನು ಲಂಚಕ್ಕೆ ದೂಡುವವರು ನೀವಾಗಬೇಡಿರಿ. ಪಕ್ಕದ ಮನೆಯವನು ಎರಡಂತಸ್ತು ಕಟ್ಟಿಸಿದ, ನೀನೇಕೆ ಕಟ್ಟಿಸಿಲ್ಲ ಎಂದು ಕೇಳಬೇಡಿರಿ. ಬಂದವರು ಆ ಎರಡನೆಯ ಪ್ರಶ್ನೆಯನ್ನು ಕೇಳಿದಾಗ, ನಮ್ಮ ಮಗ ಪಗಾರಕ್ಕೆ ಮಾತ್ರ ಹೋಗುತ್ತಿದ್ದಾನೆ ಎಂದು ಎಲ್ಲರಿಗೂ ಕೇಳುವಂತೆ ನೀವೇ ಹೇಳಿಬಿಡಿರಿ. ನಿಮ್ಮ ಆ ಒಂದು ಮಾತು ಅವನಿಗೆ ಕಚೇರಿಯಲ್ಲಿ ಕೋಟೆಯಂತೆ ರಕ್ಷಣೆ ಕೊಡುತ್ತದೆ.

ನಮ್ಮ ಕೈಯಲ್ಲಿಯೂ ಕೆಲವರ ವೇತನವಿರುತ್ತದೆ. ಮಸೀದಿಯ ಇಮಾಮರು, ಮದ್ರಸದ ಅಧ್ಯಾಪಕರು, ಅಂಗಡಿಯ ಆಳು, ಮಗ್ಗದ ಕೆಲಸಗಾರ ಇವರೆಲ್ಲ ಸಂಕೋಚದಿಂದ ಬಾಯಿ ಬಿಡುವುದಿಲ್ಲ. ಗವಾನರು ಕಾಲವರಿತು ವೇತನ ಏರಿಸಿದರು, ಕೊರತೆ ಬಿದ್ದರೆ ತುಂಬಿಸಿಕೊಟ್ಟರು. ಅವರು ಕೇಳುವವರೆಗೆ ನಾವೂ ಕಾಯಬಾರದು.

ಪ್ರಿಯ ವಾಚಕರೇ, ಒಂದು ದಿನ ನಮ್ಮ ಖಜಾಂಚಿಯನ್ನೂ ಕರೆಯಲಾಗುವುದು. ಅಂದು ವಿಚಾರಣೆ ನಡೆಸುವವನು ಮತ್ತನಾದ ಸುಲ್ತಾನನಲ್ಲ, ಎಲ್ಲವನ್ನೂ ಬಲ್ಲ ಅಲ್ಲಾಹನು. ಅಂದು ಖೊಟ್ಟಿ ಪತ್ರ ನಿರಪರಾಧಿಯನ್ನು ಕೊಲ್ಲದು, ಖೊಟ್ಟಿ ಲೆಕ್ಕ ಅಪರಾಧಿಯನ್ನು ಉಳಿಸದು. ಎರಡು ಖಜಾನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡವನಿಗೆ ಆ ದಿನ ಉತ್ತರ ಹೇಳುವುದು ಸುಲಭ. ದುಡಿದದ್ದನ್ನು ಧೈರ್ಯದಿಂದ ಕೇಳಿ ಪಡೆಯುವ, ನಮ್ಮದಲ್ಲದ್ದನ್ನು ಕಂಡಾಗ ಕೈ ಹಿಂದೆಗೆಯುವ ಶಕ್ತಿಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.